ಕಲ್ಲಮ್ಮ ರೇಡಿಯೋದ ಮೊದಲ ಸೆಟ್ಟು ಸುಟ್ಟ ಬಗ್ಗೆ ಭೀಮಕ್ಕನ ಹೇಳಿಕೆ

ನನ್ನ ಹೆಸರು ಭೀಮಕ್ಕ ಕೋಂ ದಿವಂಗತ ದುರುಗಣ್ಣ, ವಯಸ್ಸು 68 ವರ್ಷ, ಓದಿದ್ದು ನಾಲ್ಕನೇ ತರಗತಿ. ಹಿಂದೆ ಕಲ್ಲಮ್ಮ ರೇಡಿಯೋ ಕಂಪನಿಯಲ್ಲಿ ಬೆಸುಗೆ ಕೆಲಸ, ಈಗ ಹೂವಿನ ವ್ಯಾಪಾರ. ವಾಸ ಹಳೇ ಸಂತೆ ಮೈದಾನದ ಹಿಂದೆ, ಹೊನ್ನಾಳಿ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಕಂಪನಿ ಮುಚ್ಚಿ ಇಪ್ಪತ್ತೊಂಬತ್ತು ವರ್ಷವಾಗಿದೆ. ಅದನ್ನು ಕಟ್ಟಿದ ಸಾಹುಕಾರ್ ರುದ್ರಮುನಿಯವರ ಮಗಳು ಪ್ರಮೀಳಾ, ಕಂಪನಿಯ ಹಳೇ ಶೆಡ್ಡಿನಲ್ಲೇ ನಾವು ಮಾಡಿದ ರೇಡಿಯೋಗಳನ್ನು ಜೋಡಿಸಿ ಮ್ಯೂಸಿಯಂ ಮಾಡಿದ್ದಾರೆ. ಓಬಳೇಶ್ ಅಲ್ಲಿನ ಕಾವಲುಗಾರ. 'ಕಲ್ಲಮ್ಮ ರೇಡಿಯೋ ಎಂದೂ ಸುಡದು' ಎಂಬ ಕಂಪನಿಯ ಹಳೇ ಜಾಹೀರಾತನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದಾರೆ.

ದಿನಾಂಕ 01.10.2025 ಬುಧವಾರ ಆಯುಧ ಪೂಜೆ. ಬೆಳಿಗ್ಗೆ 10-30ಕ್ಕೆ ಹೂವು ಕೊಡಲು ಮ್ಯೂಸಿಯಂಗೆ ಹೋದೆ. ಅಲ್ಲಿ ಇದ್ದದ್ದು ಸಾಹುಕಾರರು, ಪ್ರಮೀಳಾ, ಓಬಳೇಶ್, ನಾನು, ಇಷ್ಟೇ ಜನ. 1974ರ ಮೊದಲ ಸೆಟ್ಟನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ಪೂಜೆ ಮಾಡಿದರು. ಪೂಜೆಯಾದ ಮೆಷಿನ್ನನ್ನು ಸಾಹುಕಾರರು ತಮ್ಮ ಕೈಯಿಂದ ಒಂದು ಸಲ ಚಾಲೂ ಮಾಡುವುದು ಕಂಪನಿ ಇದ್ದಾಗಿನ ಪದ್ಧತಿ. ಪ್ಲಗ್ ಹಾಕು ಎಂದು ಅವರು ಓಬಳೇಶನಿಗೆ ಹೇಳಿದರು. ಇಷ್ಟು ವರ್ಷ ಕರೆಂಟ್ ಕಾಣದ ಸೆಟ್ಟು, ಬೇಡ ಎಂದು ಅವನು ಎರಡು ಸಲ ಅಂದ. ಹಬ್ಬದ ದಿನ ಅಪಶಕುನ ನುಡಿಯಬೇಡ ಎಂದು ಗದರಿ ಪ್ರಮೀಳಾ ತಾವೇ ಪ್ಲಗ್ ಹಾಕಿದರು. ಸಾಹುಕಾರರು ಗುಂಡಿ ತಿರುಗಿಸಿದರು. ಗೊರಗೊರ ಸದ್ದು ಬಂತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನು. ಅಷ್ಟರಲ್ಲಿ ಒಳಗೆ ಪಟಾಕಿಯಂತೆ ಸಿಡಿದು ಸೆಟ್ಟಿನ ಮುಂಭಾಗದ ಸ್ಪೀಕರ್ ಬಟ್ಟೆಗೆ ಬೆಂಕಿ ಹತ್ತಿತು. ಓಬಳೇಶ್ ಪ್ಲಗ್ ಕಿತ್ತು, ಉರಿಯುವ ಸೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಇಪ್ಪತ್ತು ಅಡಿ ದೂರದ ಬಾಗಿಲಾಚೆ ಹಾಕಿ ಮಣ್ಣು ಮುಚ್ಚಿದ. ಮಿಕ್ಕ ಯಾವ ಸೆಟ್ಟಿಗೂ ಕಿಡಿ ತಾಗಲಿಲ್ಲ.

ಈ ದಿನ ಬೆಳಿಗ್ಗೆ 9 ಗಂಟೆಗೆ ಬನ್ನಿ ಕೊಡಲು ಸಾಹುಕಾರರ ಮನೆಗೆ ಹೋದೆ. ಓಬಳೇಶ್ ಕುಡಿದು ಬೆಂಕಿ ಇಟ್ಟನೆಂದು ಪ್ರಮೀಳಾ ದೂರು ಕೊಟ್ಟು, ಅವನನ್ನು ಠಾಣೆಗೆ ಕರೆತಂದಿರುವುದು ಅಲ್ಲಿ ತಿಳಿಯಿತು. ಯಾಕವ್ವಾ ಹಿಂಗೆ ಮಾಡಿದೆ ಎಂದು ಕೇಳಿದ್ದಕ್ಕೆ ಪ್ರಮೀಳಾ, "ನಮ್ಮ ರೇಡಿಯೋ ತಾನೇ ಸುಟ್ಕೊಂತು ಅಂತ ಬರ್ಸಾಕೆ ಆಗ್ತೈತಾ ಭೀಮಕ್ಕ? ನೀನೂ ನಮ್ಮ ಅನ್ನ ಉಂಡೋಳು, ಸುಮ್ನಿರು" ಎಂದರು. ದುಡಿದು ಉಂಡಿದ್ದೇನೆ, ಬಿಟ್ಟಿ ಉಂಡಿಲ್ಲ ಎಂದೆ. ಸಾಹುಕಾರರಿಗೆ, ನೀವಾದರೂ ಬಾಯಿ ಬಿಡಿರಿ ಎಂದೆ. ಅವರು ತಲೆ ಎತ್ತದೆ, "ಆ ಸೆಟ್ಟು ರಿಪೇರಿ ಆಗ್ತೈತೇನು?" ಎಂದು ಕೇಳಿದರು. ಓಬಳೇಶನ ಕೈ ಹೇಗಿದೆ ಎಂದು ಕೇಳಲಿಲ್ಲ. ನಾನು ಬನ್ನಿ ಕೊಡದೆ ಬಂದೆ. ಕೆಲಸಕ್ಕೆ ಸೇರಿದಾಗಿನಿಂದ ಐವತ್ತೊಂದು ವರ್ಷದಲ್ಲಿ ಹೀಗೆ ಬಂದದ್ದು ಇದೇ ಮೊದಲು.

ಓಬಳೇಶ್ ಕುಡಿದಿರಲಿಲ್ಲ. ಬೆಂಕಿ ಇಟ್ಟವನ ಎರಡೂ ಅಂಗೈ ಹಾಗೆ ಬೇಯುವುದಿಲ್ಲ, ಪಟ್ಟಿ ಬಿಚ್ಚಿಸಿ ನೋಡಿರಿ. ಅವನನ್ನು ಬಿಡುವ ತನಕ ನಾನು ಠಾಣೆಯ ಕಟ್ಟೆಯ ಮೇಲೆ ಕೂತಿರುತ್ತೇನೆ, ಎಬ್ಬಿಸಲು ಬರಬೇಡಿರಿ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಣ್ಣಾರೆ ಕಂಡದ್ದೇ ಇದೆ. ಸಾಹುಕಾರರ ಎದುರು ನಿಲ್ಲಿಸಿದರೂ ಇದನ್ನೇ ಹೇಳುತ್ತೇನೆ.

ಸ್ಥಳ: ಹೊನ್ನಾಳಿ
ದಿನಾಂಕ: 02.10.2025
ಸಹಿ: ಭೀಮಕ್ಕ