ಓಡಿಕೋಂತ ನೊರಿ ಹೊಡಿಯೋ ಗಾಡಿ

ಅಲ್ರೋ ಮೊಮ್ಮಕ್ಕಳ್ರ, ನಮ್ಮ ಬೆಂಕಿ ಆರಿಸೋ ಗಾಡಿ ನಿಂತ ಮ್ಯಾಲೇ ನೀರು ಹೊಡೀತಿತ್ತು, ಅದನ್ನ ಮೊದಲ ತಿಳ್ಕೋರಿ. ಮೊರಬದಿಂದ ಹೋಗಿ ನಾ ವಾಯುಪಡಿ ಸೇರಿದಾಗ ನನಗ ಇಪ್ಪತ್ತು, ಅಲ್ಲಲ್ಲ, ಹತ್ತೊಂಬತ್ತು ವರ್ಷ. ವಿಮಾನ ಇಳಿಯೋ ಜಾಗಾದಾಗ ಬೆಂಕಿ ಆರಿಸೋ ಕೆಲಸ. ಗಾಡಿ ಅಂದ್ರ ಏನು, ಹಳೇ ಲಾರಿ ಮ್ಯಾಲೆ ನೀರಿನ ಟಾಕಿ, ಬಾಜೂಕ ನೊರಿ ಔಷಧದ ಡಬ್ಬಿ. ಎಣ್ಣಿ ಬೆಂಕಿ ಬರೇ ನೀರಿಗೆ ಆರಂಗಿಲ್ಲ, ನೊರೀನ ಬೇಕು, ಗೊತ್ತೈತಿಲ್ಲೋ? ಗೊರಸು, ಕೊಂಬು ಕುದಿಸಿ ಮಾಡತಿದ್ರಂತ ಆ ಔಷಧಾನ, ಅಗದಿ ನಾರೂದು. ಸೂಟಿಗೆ ಊರಿಗೆ ಬಂದ್ರ ನಿಮ್ಮ ಆಯಿ ನನ್ನ ಬಟ್ಟೀನ ಹೊರಗ ಇಡಸತಿದ್ಲು. ಇರಲಿ, ಏನ್ ಹೇಳಾಕತ್ತಿದ್ದೆ, ಹಾಂ, ಗಾಡಿ ನಿಲ್ಲಿಸಬೇಕು, ಪಂಪ್ ಹಚ್ಚಬೇಕು, ಪೈಪ್ ಎಳಕೊಂಡು ಓಡಬೇಕು. ಗಾಲಿ ಡಾಂಬರದ ಮ್ಯಾಲೆ ಓಡೂವು, ಹಸಿ ಮಣ್ಣಾಗ ಹೂತ್ ಬಿಡೂವು. ಎಲ್ಲಾರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಡ್ರೈವರ್ ಸದಾಶಿವ ಅಂತ, ಯರಗುಪ್ಪಿಯಾಂವ, ನನ್ನ ಜೀವದ ಗೆಳೆಯ. ಅವತ್ತ ಮಧ್ಯಾಹ್ನ ಮಳಿ ಬಂದು ನಿಂತಿತ್ತು. ಒಂದು ವಿಮಾನ ಇಳಿದದ್ದ ತಡ, ಗಾಲಿ ಮುರದು, ಜಾರಿ ಹುಲ್ಲಿನ್ಯಾಗ ಹೋತು. ಹಿಂದ ಬೆಂಕಿ. ನಾವು ಡಾಂಬರ ಬಿಟ್ಟು ಇಳಿದ್ವೋ ಇಲ್ಲೋ, ಗಾಡಿ ಹೂತ್ ಬಿಡ್ತು. ಪೈಪ್ ಎಳದ್ವಿ, ಎಳದ್ವಿ, ಮುಟ್ಟಲಿಲ್ಲ. ಒಳಗ ಪೈಲಟ್ ಗಾಜು ಬಡಿಯಾಕತ್ತಿದ್ದ, ಅವನ ಕೈ ಕಾಣತಿತ್ತು ನಮಗ. ಸದಾಶಿವ ಕೊಡ್ಲಿ ಹಿಡದ. "ಲೇ, ಇನ್ನೊಂದ್ ಪೈಪ್ ಜೋಡಸ್ತೀವಿ, ತಡಿಯೋ!" ಅಂದೆ. "ಅಷ್ಟೊತ್ತಿಗೆ ಅಂವ ಇರಂಗಿಲ್ಲಲೇ" ಅಂದ, ಓಡಿದ. ಗಾಜು ಒಡದು ಪೈಲಟ್‌ನ ಎಳದು ಹೊರಗ ದೂಡಿದ. ಅಷ್ಟರಾಗ ವಿಮಾನದ ಎಣ್ಣಿ ಟಾಕಿ ಸಿಡೀತು. ಪೈಲಟ್ ಉಳದ. ಸದಾಶಿವ ದವಾಖಾನ್ಯಾಗ ಮೂರು ದಿನ ಇದ್ದ. ನೀರು ಕೇಳತಿದ್ದ.

ಆಮ್ಯಾಲೆ ವಿಚಾರಣಿ. ನಮ್ಮ ಮ್ಯಾಲಿನಾಂವ ಕಿವ್ಯಾಗ ಅಂದ, "ಡ್ರೈವರ್ ತಪ್ಪು ಅಂತ ಹೇಳು. ಸತ್ತಾಂವಗ ಏನಾಗಬೇಕೈತಿ?" ಒಳಗ ದೊಡ್ಡ ಸಾಹೇಬ್ರು ಕೇಳಿದ್ರು, "ಗಾಡಿ ಯಾಕ ನಿಂತಿತು?" ನಾ ಸೀದಾ ಹೇಳಿದೆ, "ಸದಾಶಿವ ನಿಲ್ಲಿಸಲಿಲ್ರಿ ಸಾಹೇಬ್ರ. ಗಾಡೀನ ಹಂಗೈತ್ರಿ. ಮಣ್ಣಾಗ ಓಡಂಗಿಲ್ಲ, ಓಡಿಕೋಂತ ಹೊಡ್ಯಂಗಿಲ್ಲ." ಎಲ್ಲಾ ಬರಕೊಂಡ್ರು. ಆ ವರ್ಷ ನನ್ನ ಬಡ್ತಿ ಹೋತು, ಹೋಗಲಿ. ಭಾಳ ವರ್ಷದ ಮ್ಯಾಲೆ ಹೊಸಾ ಗಾಡಿ ಬಂತು. ಆರೂ ಗಾಲಿಗೆ ಎಂಜಿನ್ನಿನ ಜೋರು, ಕೆಸರಿನ್ಯಾಗ ಎಮ್ಮಿ ನಡದಂಗ ನಡೀತಿತ್ತು. ನೆತ್ತಿ ಮ್ಯಾಲೆ ತೋಪಿನ ನಳಿಗಿಯಂಥಾದ್ದು, ಒಳಗ ಕುಂತು ಒತ್ತಿದ್ರ ಓಡಿಕೋಂತನ ನೊರಿ ಹಾರೂದು. ಎಲ್ಲಾರೂ ಚಪ್ಪಾಳಿ ಹೊಡದ್ರು. ನನಗ ಕೈ ಏಳಲಿಲ್ಲ. ನಾ ಹೇಳಿದ್ದಕ್ಕ ಬಂತೋ, ತಾನಾಗೇ ಬಂತೋ, ಯಾಂವ ಬಲ್ಲ. ನೀವು ಎಲ್ಲೇ ಕೆಲಸಕ್ಕ ಹೋಗ್ರಿ, ಸಾಮಾನು ಸರಿ ಇಲ್ಲ ಅನಿಸಿದ್ರ ಅವತ್ತೇ ಹೇಳ್ರಿ. ನಾ ಹೇಳಿದ್ದು ಸದಾಶಿವ ಸತ್ತ ಮ್ಯಾಲೆ. ಸಾಕ, ಏಳ್ರಿ, ರೊಟ್ಟಿ ಆರತಾವ.