ಷರಾ: ಇಲ್ಲ

‘ಎರಡು ವರ್ಷದ ಹಿಂದಿನ ಜನವರಿ ಒಂಬತ್ತನೇ ತಾರೀಕು, ಸೋಮವಾರ, ಬೆಳಿಗ್ಗೆ ಎಂಟೂವರೆ ಗಂಟೆ.’

...ಹೀಗೆ ಶುರು ಮಾಡಿದ್ದೀನಿ. ತಾರೀಕಿನಿಂದ ಶುರುವಾದ ಹೇಳಿಕೆಯನ್ನ ಯಾರೂ ಅನುಮಾನಿಸೋದಿಲ್ಲ. ನೀನು ಮೊದಲು ಕೂತ್ಕೋ. ಚೀಲ ಕೆಳಗಿಡು. ಬಸ್ಸಿಗೆ ಕಾಯೋರ ಹಾಗೆ ಕುರ್ಚಿ ತುದೀಲಿ ಕೂರಬೇಡ, ಇದು ನಿನ್ನಕ್ಕನ ಅಡುಗೆಮನೆ. ಕಾಫಿ? ಬೇಡ್ವಾ. ಸರಿ, ಮುಂದೆ ಇಟ್ಟಿರ್ತೀನಿ. ಕುಡಿದರೆ ಕುಡಿ.

ನೋಡು ಪುಟ್ಟಿ, ಮೂರು ಗಂಟೆಗೆ ವಿಚಾರಣೆ. ಈಗ ಒಂದೂ ಕಾಲು. ಲ್ಯಾಬಿನ ಕೆಮಿಸ್ಟ್ ಆಗಿ ನಾನು ಹೇಳಿಕೆ ಬರೆದು ತರಬೇಕು ಅಂದಿದ್ದಾರೆ, ಬರೆದಿದ್ದೀನಿ. ನಿನ್ನ ಯಜಮಾನ್ರ ಕೆಲಸ ಉಳಿಯುತ್ತೋ ಹೋಗುತ್ತೋ ಅನ್ನೋದು ಇವತ್ತು ಸಂಜೆ ಒಳಗೆ ತೀರ್ಮಾನ ಆಗುತ್ತೆ. ಹೋದರೆ ಕ್ವಾರ್ಟರ್ಸೂ ಬಿಡಬೇಕು. ಅದಕ್ಕೇ ನಿನಗೆ ಮೊದಲು ಓದಿ ಹೇಳೋಣ ಅಂತ ಕರೆದೆ. ಕೇಳಿ, ‘ಸರಿ ಇದೆ ಅಕ್ಕ’ ಅನ್ನು. ಅಷ್ಟೇ ನನಗೆ ಬೇಕಾಗಿರೋದು. ಬೇರೇನೂ ಕಾರಣ ಇಲ್ಲ.

ಎರಡನೇ ಸಾಲು. ‘ಹೊಸ ಟರ್ಬೈನಿನ ಗಾಳಿ ಫಿಲ್ಟರುಗಳ ಆಯ್ಕೆಗಾಗಿ ಬಯಲಿನಲ್ಲಿ ತೂಗುಹಾಕಿದ್ದ ಹಾಳೆಗಳ ಪೈಕಿ ಹತ್ತೊಂಬತ್ತನೆಯದು ಸದರಿ ದಿನ ಪ್ರಯೋಗಾಲಯಕ್ಕೆ ಬಂದಿತು.’

ಇಲ್ಲಿವರೆಗೆ ಸರಿಯಾ? ತಲೆ ಅಲ್ಲಾಡಿಸಿದರೆ ಅರ್ಥ ಆಗಲಿಲ್ಲ ಅಂತಾನೋ, ಒಪ್ಪಲಿಲ್ಲ ಅಂತಾನೋ? ಅರ್ಥ ಆಗಲಿಲ್ಲ ಅಂತಾನೇ ಇಟ್ಕೊಳ್ತೀನಿ. ಇಪ್ಪತ್ತೆರಡು ವರ್ಷ ಫಿಟ್ಟರ್ ಜೊತೆ ಸಂಸಾರ ಮಾಡಿದ್ದೀಯ, ಆದರೂ ಹೇಳ್ತೀನಿ.

ಕರೆಂಟ್ ಮಾಡೋ ಆ ಮಷೀನ್ ಗ್ಯಾಸ್ ತಿನ್ನುತ್ತೆ ಅಂತ ಜನ ತಿಳ್ಕೊಂಡಿದ್ದಾರೆ. ಅದು ತಿನ್ನೋದು ಗಾಳಿ. ಗ್ಯಾಸು ಅಡುಗೆಗೆ ಉಪ್ಪು ಹಾಕಿದ ಹಾಗೆ, ಒಂದಿಷ್ಟು. ಸೆಕೆಂಡಿಗೆ ನಾನೂರು ಕಿಲೋ ಗಾಳಿ ಎಳ್ಕೊಳ್ಳುತ್ತೆ. ಆ ಗಾಳಿಯಲ್ಲಿ ಧೂಳಿದ್ದರೆ ಒಳಗಿನ ರೆಕ್ಕೆಗಳೆಲ್ಲ ಸವೆದು ಹಾಳಾಗುತ್ವೆ. ಅದಕ್ಕೇ ಮುಂದುಗಡೆ ಮೂರಂತಸ್ತಿನ ಫಿಲ್ಟರ್ ಮನೆ. ಫಿಲ್ಟರಲ್ಲಿ ಎರಡು ಜಾತಿ. ಒಂದು, ತನ್ನ ಧೂಳನ್ನ ತಾನೇ ಕೊಡವಿಕೊಳ್ಳೋದು. ಒಳಗಿನಿಂದ ಗಾಳಿ ಫಟ್ ಅಂತ ಹೊಡೆಯುತ್ತೆ, ಧೂಳು ಕೆಳಗೆ ಉದುರುತ್ತೆ. ಇನ್ನೊಂದು, ಪದರದ್ದು, ಮೊದಲ ಪದರದಲ್ಲಿ ನೀರಿನ ಹನಿ ಹಿಡಿದು ಕೆಳಗಿಳಿಸಿ, ಆಮೇಲೆ ಧೂಳು ಹಿಡಿಯೋದು. ಒಣ ಊರಿಗೆ ಮೊದಲನೇದು. ಮಂಜಿನ ಊರಿಗೆ ಎರಡನೇದು. ಒಣ ಹಿಟ್ಟಿನ ಜರಡಿಯನ್ನ ಕೊಡವಬಹುದು. ನೀರು ಬಿದ್ದ ಹಿಟ್ಟನ್ನ ಕೊಡವು ನೋಡೋಣ.

ಯಾವುದು ಬೇಕು ಅಂತ ಆ ಜಾಗದ ಗಾಳಿಯನ್ನೇ ಕೇಳಬೇಕು. ಅದಕ್ಕೇ ಒಂದು ವರ್ಷ ಬಯಲಲ್ಲಿ ಕಂಬ ನೆಟ್ಟು, ಹದಿನೈದು ದಿನಕ್ಕೊಂದು ಬಿಳೀ ಬಟ್ಟೆ ಹಾಳೆ ತೂಗುಹಾಕಿದ್ದು. ಕಂಬ ಹತ್ತಿ ಅದನ್ನ ಇಳಿಸ್ತಿದ್ದವರು ನಿನ್ನ ಯಜಮಾನ್ರು. ಆಮೇಲೆ ತಾನೆ ಇಡೀ ಪ್ಲಾಂಟ್ ಅವರನ್ನ ಏಣಿ ಅಂತ ಕರೆಯೋಕೆ ಶುರು ಮಾಡಿದ್ದು. ತೂಕ ಹಾಕಿ ಬರೀತಿದ್ದವಳು ನಾನು. ಇಪ್ಪತ್ತನಾಲ್ಕು ಹಾಳೆ, ಇಪ್ಪತ್ತನಾಲ್ಕು ಸಾಲು. ನನ್ನ ಸಾಲುಗಳನ್ನ ನೋಡಿ ಚೀಫ್ ಇಂಜಿನಿಯರ್ ಹೇಳಿದ್ರು, ‘ವರ್ಷವಿಡೀ ಒಂದೇ ಸಮ ಒಣ ಧೂಳು, ಕೊಡವಿಕೊಳ್ಳೋ ಫಿಲ್ಟರೇ ಸಾಕು’ ಅಂತ. ಅವರದ್ದು ತಪ್ಪಲ್ಲ. ಆ ಅಂಕಿ ನೋಡಿದರೆ ಯಾರಾದರೂ ಅದನ್ನೇ ಆರಿಸ್ತಿದ್ರು.

ಆಮೇಲಿನದ್ದು ನಿನಗೂ ಗೊತ್ತು. ಹೋದ ತಿಂಗಳು ಮಂಜು ಇಳೀತು. ಬಯಲಾಚೆಗೆ ಸಿಮೆಂಟ್ ಕಾರ್ಖಾನೆ. ಸಿಮೆಂಟಿಗೆ ನೀರು ಬಿದ್ದರೆ ಏನಾಗುತ್ತೆ ಅಂತ ಗೋಡೆ ಕಟ್ಟೋರನ್ನ ಕೇಳಿದರೆ ಹೇಳ್ತಾರೆ. ಎಂಟುನೂರ ಮೂವತ್ತೆರಡು ಫಿಲ್ಟರ್ ಒಂಬತ್ತು ದಿನದಲ್ಲಿ ಎಂಟುನೂರ ಮೂವತ್ತೆರಡು ಕಂಬ ಆದ್ವು. ಮಷೀನಿಗೆ ಉಸಿರು ಕಟ್ಟಿತು. ಒಂದು ಫಿಲ್ಟರ್ ಮುರಿದು ಒಳಗೆ ಹೋಯ್ತು, ರೆಕ್ಕೆಗಳು ಹೋದ್ವು. ಸದ್ಯಕ್ಕೆ ಆ ಮಷೀನ್ ಒಂದು ಒಳ್ಳೆಯ ಕಟ್ಟಡ, ಅಷ್ಟೇ.

ಹೊರಗಿನಿಂದ ಬಂದ ತನಿಖೆಯ ಇಂಜಿನಿಯರ್ ನನ್ನ ರಿಜಿಸ್ಟರ್ ತೆಗೆದು ಕೇಳಿದ್ರು, ‘ಜನವರಿ ಹಾಳೆಯಲ್ಲೂ ಒದ್ದೆಯ ಸುದ್ದಿ ಇಲ್ಲವಲ್ಲ, ಯಾಕೆ?’ ಅಂತ. ಅವರೇ ಉತ್ತರಾನೂ ಹುಡುಕಿದ್ರು. ಮಂಜಿನಲ್ಲಿ ಫಿಟ್ಟರ್ ಕಂಬ ಹತ್ತಿಲ್ಲ, ಹಾಳೆಗಳನ್ನ ಸ್ಟೋರ್ ರೂಮಲ್ಲಿ ಇಟ್ಟು, ಅಲ್ಲಿಂದಲೇ ತಂದುಕೊಟ್ಟಿದ್ದಾನೆ. ಅಲ್ಲಿಗೆ ಕಥೆ ಮುಗೀತು, ಅಮಾನತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಯಾಕೆ ನಗ್ತೀಯ?

...ಇಲ್ಲ, ನೀನು ನಕ್ಕೆ. ತುಟಿ ಇಷ್ಟು ಅಲ್ಲಾಡಿತು. ಎಮ್ಮೆ ಯಾರು ಅಂತ ಹೇಳಿದೆನಲ್ಲ, ಎತ್ತು ಯಾರು ಅಂತ ನೋಡ್ತಿದ್ದೀಯ. ಗಾದೆ ಗಾದೇನೇ. ಅದನ್ನೇನು ತೂಕಕ್ಕೆ ಹಾಕೋದಿಲ್ಲ.

ಮುಂದೆ ಕೇಳು. ‘ಸದರಿ ಹಾಳೆಯು ತೂಕದ ವೇಳೆ ಸಂಪೂರ್ಣವಾಗಿ ಒಣಗಿತ್ತು. ಧೂಳಿನ ತೂಕ ಮೂರು ದಶಾಂಶ ಎರಡು ಗ್ರಾಂ. ಷರಾ: ಇಲ್ಲ.’ ಇದರಲ್ಲಿ ಸುಳ್ಳು ಒಂದಕ್ಷರ ಇದ್ದರೆ ತೋರಿಸು. ನೂರೈದು ಡಿಗ್ರಿ ಒಲೆಯಲ್ಲಿ ಎರಡು ಗಂಟೆ ಇಟ್ಟ ಮೇಲೆ ಯಾವ ಬಟ್ಟೆ ತಾನೆ ಒದ್ದೆ ಇರುತ್ತೆ? ಒಣಗಿಸಿಯೇ ತೂಗಬೇಕು, ನಿಯಮ ಹಾಗಿದೆ. ನೀರು ಧೂಳಲ್ಲ. ನಮಗೆ ಬೇಕಾದದ್ದು ಧೂಳಿನ ತೂಕ, ನೀರಿನದ್ದಲ್ಲ.

ಹಾಗೆ ನೋಡಿದರೆ ಏನರ್ಥ? ಒಲೆಗೆ ಹಾಕೋ ಮೊದಲು ಹೇಗಿತ್ತು ಅಂತಾನಾ? ಅದನ್ನ ಬರೆಯೋಕೆ ಫಾರಂನಲ್ಲಿ ಕಾಲಂ ಇಲ್ಲ ಕಣೇ. ಇರೋದು ತಾರೀಕು, ನಂಬರು, ತೂಕ, ಷರಾ. ಷರಾ ಅನ್ನೋದು... ಷರಾ ಅಂದ್ರೆ ಅವಶ್ಯ ಇದ್ದರೆ ಬರೆಯೋದು. ಮೂವತ್ತೊಂದು ವರ್ಷದಲ್ಲಿ ನಾನು ಷರಾ ಬರೆದದ್ದು ಎರಡೇ ಸಲ. ನನ್ನ ರಿಜಿಸ್ಟರಿನಲ್ಲಿ ಒಂದು ಹೊಡೆದುಹಾಕಿದ ಅಕ್ಷರ ಇಲ್ಲ. ಇನ್ನು ನಾಲ್ಕು ತಿಂಗಳಿಗೆ ರಿಟೈರ್ ಆಗ್ತೀನಿ. ಹೊಸದಾಗಿ ಬಂದೋರಿಗೆಲ್ಲ ಅದನ್ನ ತೋರಿಸಿ ‘ರಿಜಿಸ್ಟರ್ ಅಂದ್ರೆ ಹೀಗಿರಬೇಕು’ ಅಂತಾರೆ. ನಿನಗೆ ಅದು ದೊಡ್ಡದಲ್ಲ ಇರಬಹುದು.

ಕಾಫಿ ಆರ್ತಾ ಇದೆ.

ಮುಂದೆ. ‘ಹಾಳೆಯನ್ನು ತಂದವರು ಅದನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಆ ವೇಳೆ ನಾನು ಪಕ್ಕದ ಕೋಣೆಯಲ್ಲಿದ್ದೆನಾದ್ದರಿಂದ ಹಾಳೆಯ ಆಗಿನ ಸ್ಥಿತಿ ನನಗೆ ತಿಳಿದಿಲ್ಲ.’

...

ಇದರಿಂದ ನಿನ್ನ ಯಜಮಾನ್ರಿಗೆ ಕೆಡುಕಿಲ್ಲ, ಗೊತ್ತಾಯ್ತಾ? ಒದ್ದೆ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ತಿಳಿದಿಲ್ಲ ಅಂತೀನಿ. ಎರಡಕ್ಕೂ ಅಜಗಜಾಂತರ ಇದೆ. ‘ತಿಳಿದಿಲ್ಲ’ ಅಂದ್ರೆ ಅವರ ಮೇಲಿರೋ ಅನುಮಾನದಲ್ಲಿ ಅರ್ಧ ಹೋಗುತ್ತೆ. ಉಳಿದ ಅರ್ಧಕ್ಕೆ... ಉಳಿದ ಅರ್ಧಕ್ಕೆ ಬಹಳ ಆದರೆ ಎಚ್ಚರಿಕೆ ಪತ್ರ ಕೊಡಬಹುದು. ಕೊಡದೇನೂ ಇರಬಹುದು. ತೆಗೆದೇ ಹಾಕ್ತಾರೆ ಅಂತ ಬರೆದಿಟ್ಟಿದೆಯಾ?

ಏನಾದರೂ ಅನ್ನು. ಮಾತು ಬೆಳ್ಳಿ, ಮೌನ ಬಂಗಾರ ಅಂತ ಸ್ಲೇಟಿನ ಮೇಲೆ ಬರೆಸಿ ಕಲಿಸಿದವಳು ನಾನೇ. ಆದರೂ ಇಷ್ಟೊಂದು ಬಂಗಾರ ಬೇಡ.

ಪಕ್ಕದ ಕೋಣೆ ಅಂದಮೇಲೆ ಕಿಟಕಿ ಕಡೆ ಯಾಕೆ ನೋಡ್ತೀಯ? ಲ್ಯಾಬಿಗೆ ಪಕ್ಕದ ಕೋಣೆ ಇದೆ. ಶೀಶೆಗಳನ್ನ ಇಡೋದು. ಬಾಗಿಲು ಯಾವಾಗಲೂ ತೆರೆದಿರುತ್ತೆ, ಅದು ನಿಜ. ಸರಿ... ‘ಪಕ್ಕದ ಕೋಣೆಯ ಬಾಗಿಲ ಬಳಿ’ ಅಂತ ತಿದ್ದಲಾ? ಬಾಗಿಲ ಬಳಿ ನಿಂತರೆ ಮೇಜು ಕಾಣುತ್ತೆ. ಹಾಗಾದರೆ ‘ತಿಳಿದಿಲ್ಲ’ ಅನ್ನೋದು ನಿಲ್ಲೋದಿಲ್ಲ. ನೋಡು, ಒಂದು ಪದ ಮುಟ್ಟಿದರೆ ಇಡೀ ಸಾಲು ಕೂರೋದಿಲ್ಲ. ಬರವಣಿಗೆ ಅಂದ್ರೆ ಹಾಗೆ.

ತಕ್ಕಡಿ ಮುಂದೆ ಕೂತಿದ್ದೆ. ಆಯ್ತಾ? ತಕ್ಕಡಿ ಮುಂದೆ ಕೂತಿದ್ದೆ.

ಇದೇನು ಸದ್ದು, ನಿಮ್ಮ ಮನೇದಾ? ಮತ್ತೆ ಬಾಗಿಲು ಬಿಚ್ಚಿದ್ರಾ? ಮೂರು ವಾರದಲ್ಲಿ ಇದು ನಾಲ್ಕನೇ ಸಲ. ಸರಿಯಾಗಿರೋ ಬಾಗಿಲನ್ನ ಎಷ್ಟು ಸಲ ಸರಿ ಮಾಡ್ತಾರೆ? ಪಾಪ, ಕೈಗೆ ಕೆಲಸ ಬೇಕು. ಗೋಡೆಯಾಚೆ ಸುತ್ತಿಗೆ ಬಿದ್ದಾಗಲೆಲ್ಲ ನನ್ನ ಮನೆ ಪಾತ್ರೆ ಅಲ್ಲಾಡುತ್ತೆ.

ಅವರೇ ವಿಚಾರಣೆಯಲ್ಲಿ ಏನು ಹೇಳಿದ್ದಾರೆ ಗೊತ್ತಾ? ‘ಹಾಳೆ ಕೊಡುವಾಗ ಒದ್ದೆ ಇದೆ ಅಂತ ಯಾರಿಗಾದರೂ ತಿಳಿಸಿದ್ರಾ’ ಅಂತ ಕೇಳಿದ್ದಕ್ಕೆ, ‘ಜ್ಞಾಪಕ ಇಲ್ಲ’ ಅಂದಿದ್ದಾರೆ. ಜ್ಞಾಪಕ ಇಲ್ಲ! ಹಳೇ ಮಷೀನಿನ ಯಾವ ನಟ್ಟಿಗೆ ಯಾವ ಸ್ಪ್ಯಾನರು ಅಂತ ನಿದ್ದೆಗಣ್ಣಲ್ಲೂ ಹೇಳೋ ಮನುಷ್ಯ. ಅವರಿಗೇ ಜ್ಞಾಪಕ ಇಲ್ಲದ ಮೇಲೆ ನನಗ್ಯಾಕೆ ಇರಬೇಕು? ಅವರು ಆ ಮಾತಾಡಿದ್ದು ಕೇಳಿ ನನಗೆ ಎಷ್ಟು...

ಇಲ್ಲ. ಸಮಾಧಾನ ಆಯ್ತು ಅಂತ ಹೇಳೋಕೆ ಹೊರಟಿದ್ದೆ. ಆಗಲಿಲ್ಲ.

ಹಾಗೆ ನೋಡಬೇಡ ಪುಟ್ಟಿ.

ಅವತ್ತು ಏನಾಯ್ತು ಅಂದ್ರೆ, ಅವರು ಬಂದ್ರು. ಶರ್ಟಿನ ತೋಳೆಲ್ಲ ಒದ್ದೆ. ಆಗ ತಾನೆ ಒರೆಸಿದ್ದ ನೆಲ, ಹೆಜ್ಜೆ ಹೆಜ್ಜೆಗೂ ನೀರು. ಹಾಳೆಯನ್ನ ಮೇಜಿನ ಮೇಲೆ ಇಡಲಿಲ್ಲ, ಮೇಜಿಗೆ ಕುಟ್ಟಿದ್ರು. ಟಕ್ ಅಂತು. ಬಟ್ಟೆ ಅದು, ಟಕ್ ಅಂತು. ‘ಅತ್ತಿಗೆ, ಇದು ಧೂಳಲ್ಲ, ಗಾರೆ. ಇದನ್ನ ಬರೀರಿ’ ಅಂದ್ರು.

ಅತ್ತಿಗೆ ಅಂದ್ರು. ಲ್ಯಾಬಿನಲ್ಲಿ. ನನ್ನ ಕೈಕೆಳಗಿನ ಸಹಾಯಕಿ ಎದುರಿಗೆ ನಿಂತಿದ್ದಾಳೆ. ಒಬ್ಬ ಫಿಟ್ಟರ್ ಬಂದು ಕೆಮಿಸ್ಟಿಗೆ ಏನು ಬರೀಬೇಕು ಅಂತ ಹೇಳೋದು. ಅದೂ ಮನೇಲಿ ಸಾರಿಗೆ ಉಪ್ಪು ಕಮ್ಮಿ ಅನ್ನೋ ದನಿಯಲ್ಲಿ. ನಾನು ತಲೆ ಎತ್ತಲಿಲ್ಲ. ‘ಇಲ್ಲಿ ಅತ್ತಿಗೆ ಅನ್ನೋರು ಯಾರೂ ಇಲ್ಲ. ಸದ್ದಿಗೆ ನಮ್ಮಲ್ಲಿ ಕಾಲಂ ಇಲ್ಲ. ತೂಕ ನಾನು ನೋಡ್ಕೊಳ್ತೀನಿ, ಏಣಿ ನೀವು ನೋಡ್ಕೊಳ್ಳಿ’ ಅಂದೆ. ಸಹಾಯಕಿ ಕಿಸಕ್ ಅಂದಳು. ಅವರು ನೆಲದ ಮೇಲಿನ ನೀರನ್ನ ನೋಡಿದ್ರು, ಜೇಬಿಂದ ಬಟ್ಟೆ ತೆಗೆದು ಒರೆಸಿದ್ರು, ಹೋದ್ರು.

ಷರಾ: ಇಲ್ಲ ಅಂತ ನಾನು ಬರೆದದ್ದು ಆಮೇಲೆ. ಶಾಯಿ ಚೆನ್ನಾಗಿ ಇಳೀತು.

ಅವತ್ತಿನಿಂದ ನನ್ನನ್ನ ಮೇಡಂ ಅಂತಾರೆ. ಲ್ಯಾಬಿನಲ್ಲಿ ಸರಿ. ಮನೇಲೂ ಮೇಡಂ. ಹೋದ ವರ್ಷ ನನಗೆ ಜ್ವರ ಬಂದಾಗ ಗಂಜಿ ತಂದು ಬಾಗಿಲಲ್ಲಿ ನಿಂತು ‘ಮೇಡಂ, ಇದನ್ನ ಬಿಸಿ ಇರುವಾಗಲೇ ಕುಡೀಬೇಕಂತೆ’ ಅಂದ್ರು. ಆಮೇಲಿನ ಮೂರು ಮಂಜಿನ ಹಾಳೇನೂ ಒದ್ದೆಯಾಗೇ ತಂದ್ರು. ಮೇಜಿನ ಮೇಲಿಟ್ರು, ಹೋದ್ರು. ಒಂದು ಮಾತಿಲ್ಲ. ನಾನೂ ಒಲೆಗೆ ಹಾಕಿದೆ, ತೂಗಿದೆ, ಷರಾ ಇಲ್ಲ ಅಂತ ಬರೆದೆ. ಮೊದಲನೇದಕ್ಕೆ ಬರೀದೆ ಎರಡನೇದಕ್ಕೆ ಬರೆದರೆ, ಮೊದಲನೇದಕ್ಕೆ ಯಾಕಿಲ್ಲ ಅಂತ ಕೇಳ್ತಾರೆ. ನಾಲ್ಕು ಸಾಲು. ಆ ನಾಲ್ಕು ಸಾಲಿಗೆ ಅಷ್ಟು ದೊಡ್ಡ ಮಷೀನು.

ಗಂಟೆ ಎಷ್ಟು? ಎರಡಕ್ಕೆ ಹತ್ತು ನಿಮಿಷ.

ಆ ಡಬ್ಬದ ಹಿಂದೆ ಬಿಳೀ ಹಾಳೆ ಇದೆ, ಕೊಡು. ಇದು ಬೇಡ, ಇದರಲ್ಲಿ ತಿದ್ದಿದರೆ ಪ್ರತಿ ತಿದ್ದಿದ ಜಾಗಕ್ಕೂ ಸಹಿ ಹಾಕಬೇಕು, ಜಾಗ ಸಾಲೋದಿಲ್ಲ. ಹೊಸದಾಗೇ ಬರೀತೀನಿ. ನೀನು ಅಳ್ತಿದ್ದೀಯೋ ಕಣ್ಣೊರೆಸ್ತಿದ್ದೀಯೋ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಹಾಳೆ ಮೇಲೆ ಬೀಳಿಸಬೇಡ.

‘ಎರಡು ವರ್ಷದ ಹಿಂದಿನ ಜನವರಿ ಒಂಬತ್ತನೇ ತಾರೀಕು, ಸೋಮವಾರ, ಬೆಳಿಗ್ಗೆ ಎಂಟೂವರೆ ಗಂಟೆ. ಫಿಟ್ಟರ್ ಹತ್ತೊಂಬತ್ತನೆಯ ಹಾಳೆಯನ್ನು ಪ್ರಯೋಗಾಲಯಕ್ಕೆ ತಂದರು. ಹಾಳೆಯು ಒದ್ದೆಯಾಗಿಯೂ ಗಟ್ಟಿಯಾಗಿಯೂ ಇತ್ತು. ಅದನ್ನು ದಾಖಲಿಸುವಂತೆ ಅವರು ಬಾಯಿಮಾತಿನಲ್ಲಿ ಕೇಳಿದರು. ಕೆಮಿಸ್ಟ್ ನಿರಾಕರಿಸಿದರು.’ ...ನಿರಾಕರಿಸಿದರು. ‘ನಿರಾಕರಣೆಗೆ ತಾಂತ್ರಿಕ ಕಾರಣ ಇರಲಿಲ್ಲ.’

ಅಷ್ಟೇ ಸಾಕು. ಬೇರೆ ಕಾರಣ ಅವರು ಕೇಳಿದರೆ ಹೇಳ್ತೀನಿ. ಕೇಳೋದಿಲ್ಲ, ಅವರಿಗೂ ಅದಕ್ಕೆ ಕಾಲಂ ಇರೋದಿಲ್ಲ.

ಇನ್ನೊಂದು ಸಾಲು ಬಾಕಿ. ಆಗ ಅಲ್ಲಿ ಯಾರ್ಯಾರಿದ್ರು ಅಂತ ಬರೀದೆ ಇದ್ದರೆ ಹೇಳಿಕೆ ಪೂರ್ತಿ ಆಗೋದಿಲ್ಲ. ನೀನು ಈ ಎರಡು ವರ್ಷದಲ್ಲಿ ಒಂದು ಸಲ... ಒಂದೇ ಒಂದು ಸಲ ‘ಅಕ್ಕ, ನಾನೂ ಕೇಳಿಸ್ಕೊಂಡೆ’ ಅಂದಿದ್ದರೆ ನಾನು ಜಗಳ ಆಡ್ತಿದ್ದೆ. ಜಗಳ ಆಡಿ ಗೆಲ್ತಿದ್ದೆ. ಇವತ್ತೂ ಅನ್ನಲಿಲ್ಲ ನೀನು.

ಬರೀತೀನಿ.

‘ಹಾಜರಿದ್ದವರು: ಕೆಮಿಸ್ಟ್. ಫಿಟ್ಟರ್. ಪ್ರಯೋಗಾಲಯದ ಸಹಾಯಕಿ. ಅಕ್ಕನಿಗೆ ಮನೆಯ ಬೀಗದ ಕೈ ಕೊಡಲು ಬಂದು ಮೊದಲಿನಿಂದ ಕೊನೆಯವರೆಗೆ ಬಾಗಿಲಲ್ಲೇ ನಿಂತಿದ್ದ ಫಿಟ್ಟರರ ಹೆಂಡತಿ.’