ಒಳಗಿನ ಚಿಲಕ

ಬಸ್ಸಿನಲ್ಲಿ ಮುಂದಿನ ಸೀಟಿನ ಮಾತು ಕಿವಿಗೆ ಬಿದ್ದೊಡನೆ ಹುಡುಗಿ ಪುಸ್ತಕ ಮಡಿಸಿದಳು. ನಿರಾಶ್ರಿತರ ನೆರವು ಸಮಿತಿಯ ಕಾರ್ಯದರ್ಶಿ ತನ್ನ ನಾದಿನಿಯೆದುರು ಕೆಂಡ ಕಾರುತ್ತಿದ್ದಳು.

“ಯುದ್ಧ ತಪ್ಪಿಸ್ಕೊಂಡು ಬಂದೋರಿಗೆ ಮನೆ ಕೊಟ್ಟೋರು ನಾವು. ಈಗ ಒಳಗಿಂದ ಹೊಸ ಚಿಲಕ ಹಾಕ್ಕೊಂಡಿದಾರೆ ಕಣೇ!”

“ಹಾಕ್ಕೊಳ್ಲಿ ಬಿಡಿ ಅತ್ತಿಗೆ.”

“ನನ್ನ ಹತ್ರ ಇರೋ ಬೀಗದ ಕೈ ಏನು ಮಾಡ್ಲಿ? ಹೇಗಿದಾರೆ ಅಂತ ನೋಡಬೇಡ್ವಾ?”

“ನೋಡಿದೀರಲ್ಲ! ಮೊನ್ನೆ ಆ ಮನೆಯಾಕೆ ಸ್ನಾನ ಮುಗಿಸಿ ಬಂದ್ರೆ ನೀವು ಸೋಫಾದಲ್ಲಿ ಕೂತಿದ್ರಂತೆ.”

“ಸೋಫಾನೂ ಸಮಿತೀದೇ. ಇವತ್ತು ಮೀಟಿಂಗಲ್ಲಿ ಹೇಳ್ತೀನಿ, ಚಿಲಕ ಕೀಳ್ಲಿ, ಇಲ್ಲಾ ಮನೆ ಬಿಡ್ಲಿ.”

“ಅವರೂರಲ್ಲಿ ಸೈನಿಕರು ಬಾಗಿಲು ಒಡೆದು ನುಗ್ತಿದ್ರು. ನೀವು ಪುಣ್ಯಾತ್ಗಿತ್ತಿ, ಬೀಗ ತೆಗೆದು ನುಗ್ತೀರಿ.”

ಸ್ಟಾಪ್ ಬಂತು. ಕಾರ್ಯದರ್ಶಿ ಮುಖ ಊದಿಸಿಕೊಂಡು ಎದ್ದಳು. ಅವಳ ಬೆನ್ನಿಗೇ ಇಳಿಯುತ್ತ ನಾದಿನಿ ಹೇಳಿದಳು:

“ಆ ಚಿಲಕ ಹಾಕಿಸಿಕೊಟ್ಟೋಳು ನಾನೇ ಅಂತಲೂ ಮೀಟಿಂಗಲ್ಲಿ ಹೇಳಿಬಿಡಿ.”